ಮೆಶ್‌ಗೆ ಎರಡು ಆಂಟೆನಾ ಹಾಕಿಸಿದ್ದೀರಾ? ಎರಡನೆಯದು ಕೆಲಸ ಮಾಡುತ್ತಿದೆಯೇ ನೋಡಿಕೊಳ್ಳಿ

ಅಡಿಕೆ ತೋಟದ ಮನೆಯಿಂದ ಪಂಪ್‌ಹೌಸಿನವರೆಗೆ 4 ನೋಡ್‌ಗಳ ವೈಫೈ ಮೆಶ್, ಅಂದರೆ ಸಿಗ್ನಲನ್ನು ಒಂದರಿಂದ ಒಂದಕ್ಕೆ ದಾಟಿಸುವ ವೈಫೈ ಪೆಟ್ಟಿಗೆಗಳ ಜಾಲ. ಪ್ರತಿ ನೋಡ್‌ಗೂ 2.4 ಗಿಗಾಹರ್ಟ್ಸ್‌ನ ಎರಡೆರಡು ಆಂಟೆನಾ. ಬೇಸಿಗೆಯಿಡೀ ಚೆನ್ನಾಗಿಯೇ ನಡೆಯಿತು. ಮಳೆ ಹಿಡಿದದ್ದೇ ತಡ, ಪಂಪ್‌ಹೌಸಿನ ನೋಡ್ ಪದೇ ಪದೇ ಕಡಿದುಹೋಗತೊಡಗಿತು. ಒದ್ದೆ ಸೋಗೆಯ ತಪ್ಪೆಂದು ಪವರ್ ಏರಿಸಿದರು, ಚಾನೆಲ್ ಬದಲಿಸಿದರು, ದುಡ್ಡು ಸುರಿದು ಇನ್ನೊಂದು ನೋಡ್ ಕೂಡ ತಂದರು. ದೋಷವಿದ್ದದ್ದು ಕಿರುಬೆರಳ ಉಗುರಿನಷ್ಟು ಅಗಲದ ಕನೆಕ್ಟರಿನಲ್ಲಿ.

ಪೆಟ್ಟಿಗೆಯೊಳಗಿನ ಒಂದು ಪಿಗ್‌ಟೇಲ್, ಅಂದರೆ ಆಂಟೆನಾ ಪೋರ್ಟಿಗೆ ಬರುವ ಗಿಡ್ಡ ಕೇಬಲ್, ಅದರ ತುದಿಯ ಕನೆಕ್ಟರ್ ಸಾದಾ ಎಸ್‌ಎಂಎ; ಆಂಟೆನಾದ್ದು ಪಿನ್ನೂ ತೂತೂ ಅದಲುಬದಲಾಗಿರುವ ಆರ್‌ಪಿ-ಎಸ್‌ಎಂಎ. ಎರಡರ ತಿರುಪೂ ಒಂದೇ ಆದ್ದರಿಂದ ಬಿಗಿಯಾಗಿ ಕೂರುತ್ತವೆ. ಆದರೆ ನಡುವೆ ಎರಡೂ ಕಡೆ ತೂತೇ, ಪಿನ್ ಎಲ್ಲೂ ಇಲ್ಲ. ಸಿಗ್ನಲ್ ಒಂಚೂರು ಸೋರಿ ದಾಟುವುದರಿಂದ ಪೂರ್ತಿ ಸತ್ತಂತೆಯೂ ಕಾಣುವುದಿಲ್ಲ. ಎಲೆ, ಕಾಂಡಗಳಿಗೆ ಬಡಿದು ಹಲವು ದಾರಿಯಲ್ಲಿ ಬರುವ ಅಲೆಗಳು ಒಂದು ಆಂಟೆನಾ ಇರುವ ಜಾಗದಲ್ಲಿ ಒಂದನ್ನೊಂದು ಕೊಂದುಕೊಂಡಾಗ ಇನ್ನೊಂದು ಆಂಟೆನಾ ಕೈಹಿಡಿಯಬೇಕು. ಇಲ್ಲಿ ಆ ಇನ್ನೊಂದು ಇರಲೇ ಇಲ್ಲ. ಒಣ ದಿನಗಳಲ್ಲಿ ಸಿಗ್ನಲ್ ಹೇರಳವಾಗಿದ್ದರಿಂದ ಅದು ಯಾರಿಗೂ ಗೊತ್ತಾಗಲಿಲ್ಲ.

ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶದ ರೂಟರಾದರೆ 'ಐಡಬ್ಲ್ಯು' (iw) ಕಮಾಂಡಿನ ಸ್ಟೇಷನ್ ಡಂಪ್ (station dump), ಅಂದರೆ ಸೇರಿರುವ ಸಾಧನಗಳ ಪಟ್ಟಿ ತೆಗೆಯಿರಿ. ಸಿಗ್ನಲ್ ಸಾಲಿನ ಚೌಕ ಆವರಣದಲ್ಲಿ ಪ್ರತಿ ಆಂಟೆನಾದ ಅಂಕಿ ಬೇರೆಬೇರೆಯಾಗಿ ಬರುತ್ತದೆ. ಸೊನ್ನೆಯಿಂದ ಕೆಳಗಿಳಿದಷ್ಟೂ ಸಿಗ್ನಲ್ ದುರ್ಬಲ. -64, -66 ಇದ್ದರೆ ಸರಿ. -64, -87 ಇದ್ದರೆ ಎರಡನೆಯದು ಸೇರಿಯೇ ಇಲ್ಲ ಎಂದುಕೊಳ್ಳಿ. ಈ ಅಂಕಿ ಹೇಳುವುದು ಆ ನೋಡ್‌ನ ಆಂಟೆನಾಗಳ ಸ್ಥಿತಿಯನ್ನು ಮಾತ್ರ, ಹಾಗಾಗಿ ಲಿಂಕಿನ ಎರಡೂ ತುದಿಯಲ್ಲಿ ಓದಿ. ಆಮೇಲೆ ಪವರ್ ಆರಿಸಿ ಆಂಟೆನಾಗಳನ್ನು ಅದಲುಬದಲು ಮಾಡಿ. ಕೆಟ್ಟ ಅಂಕಿ ಆಂಟೆನಾ ಜೊತೆ ಹೋದರೆ ಆಂಟೆನಾ ಬದಲಿಸಿ, ಪೋರ್ಟಿನಲ್ಲೇ ಉಳಿದರೆ ಪಿಗ್‌ಟೇಲ್ ನೋಡಿ. ಯಾವ ಪೋರ್ಟನ್ನೂ ಖಾಲಿ ಬಿಟ್ಟು ಪವರ್ ಕೊಡಬೇಡಿ, ಆಂಪ್ಲಿಫೈಯರ್‌ಗೆ ಏಟು ಬೀಳಬಹುದು.

ಎರಡು ಆಂಟೆನಾ ನಡುವೆ ಕನಿಷ್ಠ 6 ಸೆಂ.ಮೀ. ಅಂತರ ಇರಲಿ, 12 ಆದರೆ ಇನ್ನೂ ಒಳ್ಳೆಯದು. ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ 45 ಡಿಗ್ರಿ ವಾಲಿಸಿ. ಎತ್ತರ ಬೇಕೆಂದು ತೆಳ್ಳಗಿನ ಆರ್‌ಜಿ-58 ಕೇಬಲ್ ಎಳೆಯಬೇಡಿ. ಮೀಟರಿಗೆ ಸುಮಾರು 1 ಡೆಸಿಬೆಲ್ ಸಿಗ್ನಲ್ ನುಂಗುತ್ತದೆ, 5 ಮೀಟರಿಗೆ ಮೂರರಲ್ಲಿ ಎರಡು ಪಾಲು ಪವರ್ ಹೋದಂತೆ. ಪೆಟ್ಟಿಗೆಯನ್ನೇ ಮೇಲೇರಿಸಿ, ಈಥರ್ನೆಟ್ ಕೇಬಲಿನಲ್ಲೇ ಕರೆಂಟ್ ಕೊಡಿ.

ಹೊರಗಿನ ಕನೆಕ್ಟರಿಗೆ ತಾನಾಗಿ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಕೆಳಗಿನಿಂದ ಮೇಲಕ್ಕೆ ಸುತ್ತಿ, ಮಾಡಿಗೆ ಹಂಚು ಹೊದಿಸುವ ಹಾಗೆ. ಅದರ ಮೇಲೆ ಪಿವಿಸಿ ಟೇಪ್. ವಿನಿಗರ್ ವಾಸನೆಯ ಸಿಲಿಕೋನ್ ಮಾತ್ರ ಹಚ್ಚಬೇಡಿ, ಅದರ ಆಮ್ಲ ಒಳಗಿನ ತಾಮ್ರವನ್ನೇ ತಿನ್ನುತ್ತದೆ.