ಕಗ್ಗದ ಅಕ್ಕಿ: ವರ್ಷಗಟ್ಟಲೆ ಉಂಡವರ ಮಾತು

ನಮ್ಮ ಮನೆಯಲ್ಲಿ ಬೆಳಗಿನ ಗಂಜಿಗೆ ವರ್ಷಗಳಿಂದ ಕಗ್ಗದ ಅಕ್ಕಿಯೇ. ಕಗ್ಗ ಅಂದರೆ ಉಪ್ಪು ತಡೆದುಕೊಳ್ಳುವ ಭತ್ತದ ತಳಿ. ಅಘನಾಶಿನಿ ನದಿ ಸಮುದ್ರ ಸೇರುವ ಕುಮಟಾ ತಾಲೂಕಿನ ಗಜನಿ ಗದ್ದೆಯದ್ದು, ಅಂದರೆ ಉಪ್ಪುನೀರು ಬಂದು ಹೋಗುವ ತಗ್ಗು ಗದ್ದೆ. ಬೆಳೆಯುವವರಿಂದಲೇ ನೇರವಾಗಿ ತರಿಸಿಕೊಳ್ಳುತ್ತೇವೆ.

ಮೊದಲು ಅಡುಗೆ ವಿಷಯ. ಇದು ಕೆಂಪಕ್ಕಿ, ರಾತ್ರಿಯೇ ನೆನೆಹಾಕಬೇಕು. ಸೋನಾ ಮಸೂರಿಗೆ ಇಟ್ಟಷ್ಟೇ ನೀರು, ಅಷ್ಟೇ ಸೀಟಿ ಅಂದರೆ ಕಾಳು ಗಟ್ಟಿಯಾಗೇ ಉಳಿಯುತ್ತದೆ. ನೀರು ಜಾಸ್ತಿ ಹಾಕಿ ಸಣ್ಣ ಉರಿಯಲ್ಲಿ ಬಿಡಿ. ತಿಳಿಗೆಂಪು ಗಂಜಿ, ಒಂದು ಚಮಚ ತುಪ್ಪ, ಪಕ್ಕಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿ ಇದ್ದರೆ ಮಧ್ಯಾಹ್ನದವರೆಗೆ ಹಸಿವೆಯೇ ಆಗುವುದಿಲ್ಲ. ಪಲಾವ್, ಚಿತ್ರಾನ್ನಕ್ಕೆ ಮಾತ್ರ ಹೊಂದುವುದಿಲ್ಲ.

ಕೊರತೆಗಳೂ ಇವೆ. ಮೊರದಲ್ಲಿ ಕೇರಿದರೆ ಹೊಟ್ಟು ಬರುತ್ತದೆ, ಅಲ್ಲೊಂದು ಇಲ್ಲೊಂದು ಭತ್ತದ ಕಾಳು, ಕೆಲವು ಸಲ ಕಲ್ಲು. ಔಷಧಿ ಹಾಕಿರುವುದಿಲ್ಲವಲ್ಲ, ಮಳೆಗಾಲದಲ್ಲಿ ಬೇಗ ಹುಳ ಬೀಳುತ್ತದೆ. ನಾವು ಒಣಮೆಣಸು ಹಾಕಿ ಡಬ್ಬಿಯಲ್ಲಿ ಇಡುತ್ತೇವೆ. ಹೇಳಿದ ದಿನಕ್ಕೆ ಬರುತ್ತದೆ ಅಂತ ನಂಬಿ ಕೂರಬೇಡಿ. ಬೆಲೆಯೂ ಅಂಗಡಿಯ ಕೆಂಪಕ್ಕಿಗಿಂತ ಜಾಸ್ತಿ.

ಆದರೆ ಆ ಬೆಲೆ ಯಾಕೆ ಅನ್ನುವುದು ಗದ್ದೆ ನೋಡಿದರೆ ಗೊತ್ತಾಗುತ್ತದೆ. ಮಳೆ ಬಂದು ಉಪ್ಪು ತೊಳೆದು ಹೋದಾಗ ಮಾತ್ರ ಬೆಳೆ, ವರ್ಷಕ್ಕೆ ಒಂದೇ. ಆಳದ ಕೆಸರಿಗೆ ಯಂತ್ರ ಇಳಿಯುವುದಿಲ್ಲ, ಕೈಯಲ್ಲೇ ಕೊಯ್ಯಬೇಕು. ತೆನೆ ಮಾತ್ರ ಕೊಯ್ದು ಹುಲ್ಲನ್ನು ಅಲ್ಲೇ ಬಿಟ್ಟು ಉಪ್ಪುನೀರು ಒಳಗೆ ಬಿಡುತ್ತಾರೆ. ಆಮೇಲೆ ಅದು ಮೀನು, ಸಿಗಡಿಯ ಜಾಗ. ಕೊಳೆತ ಹುಲ್ಲು ಅವಕ್ಕೆ ಮೇವು, ಅವುಗಳ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ, ಬೇರೆ ಗೊಬ್ಬರದ ಮಾತೇ ಇಲ್ಲ. ಸಿಗಡಿಯಲ್ಲಿ ದುಡ್ಡು ಜಾಸ್ತಿ ಅಂತ ಎಷ್ಟೋ ಕಡೆ ಭತ್ತವನ್ನೇ ಕೈಬಿಟ್ಟಿದ್ದಾರೆ, ಒಬ್ಬೊಬ್ಬರೇ ಬಿಟ್ಟ ಹಾಗೆ ಉಪ್ಪುನೀರು ತಡೆಯುವ ಒಡ್ಡು ನೋಡಿಕೊಳ್ಳುವ ಕೈಗಳೂ ಕಡಿಮೆಯಾಗುತ್ತವೆ, ಒಡ್ಡು ಒಂದು ಕಡೆ ಒಡೆದರೂ ಸಾಕು, ಎಲ್ಲರ ಗದ್ದೆಗೂ ಉಪ್ಪುನೀರು. ಬಿತ್ತುವವರು ನಿಂತರೆ ಬೀಜವೂ ಹೋಯಿತು ಅಂತಲೇ ಲೆಕ್ಕ. 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, ತುಂಬಾ ಸಂತೋಷವಾಯಿತು. ಆದರೆ ಅಕ್ಕಿ ಕೊಳ್ಳುವವರೂ ಇರಬೇಕು, ಅಲ್ವಾ?

ಒಂದು ವರ್ಷ ನೆರೆ ಬಂದು ನಾವು ಹೇಳಿದ್ದರಲ್ಲಿ ಅರ್ಧ ಮಾತ್ರ ಬಂತು. ಬೆಳೆಯುವವರೇ ಫೋನ್ ಮಾಡಿ, "ಉಳಿದ ದುಡ್ಡು ವಾಪಸ್ ಹಾಕ್ತೇವೆ" ಅಂದರು. ಮುಂದಿನ ಬೆಳೆಗೆ ಇಟ್ಟುಕೊಳ್ಳಿ ಅಂದೆವು, ಮಾರನೇ ವರ್ಷ ಮೊದಲ ಚೀಲ ನಮಗೇ ಕಳಿಸಿದರು. ಆಗಿನಿಂದ ಬಿತ್ತನೆಗೆ ಮೊದಲೇ ಮುಂಗಡ ಕೊಡುತ್ತೇವೆ. ಬೀಜ, ಕೂಲಿಗೆ ಕೈಯಲ್ಲಿ ದುಡ್ಡು ಬೇಕಾಗುವುದು ಆಗಲೇ.

ನೀವೂ ತರಿಸುವುದಾದರೆ ಅಕ್ಕಪಕ್ಕದ ಎರಡು ಮೂರು ಮನೆಯವರು ಸೇರಿ ತರಿಸಿ, ಸಾಗಾಟದ ಖರ್ಚು ಹಂಚಿಹೋಗುತ್ತದೆ. ಮೊದಲ ಸಲ ಸ್ವಲ್ಪವೇ ತಗೊಳ್ಳಿ, ಮನೆಯವರ ಬಾಯಿಗೆ ಹಿಡಿಯಬೇಕಲ್ಲ. ಕೊಯ್ಲು ಮುಗಿದ ಕೂಡಲೇ ವಿಚಾರಿಸಿ, ಬೇಸಿಗೆಯಲ್ಲಿ ಕೇಳಿದರೆ ಖಾಲಿಯಾಗಿರುತ್ತದೆ.