ಕುದುರೆ ಕಾಲು ಎಳೆದುಕೊಂಡರೆ ಸುತ್ತಿಗೆ ನಿಲ್ಲಿಸಿ: ನಮ್ಮ ಬಿಜಲಿಗೆ ಆದದ್ದು

ಕುದುರೆ ಸಾಕಿರುವವರು, ಸಾಕಬೇಕು ಅಂತ ಯೋಚನೆ ಮಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ದಸರಾ ಹೊತ್ತಿಗೆ ಒಂದೇ ಒಂದು ಲಾಳದ ಮೊಳೆಯಿಂದ ನಮ್ಮ ಬಿಜಲಿ ಕೈತಪ್ಪಿ ಹೋಗುತ್ತಿದ್ದಳು. ಆ ಮೊಳೆ ಹೊಡೆಯುವಾಗ ಅವಳ ತಲೆ ಹಿಡಿದು ನಿಂತಿದ್ದವನು ನಾನೇ.

ನಮ್ಮದು ಮೈಸೂರು. ಅಪ್ಪ ಅರಮನೆ ಸುತ್ತಮುತ್ತ ಟಾಂಗಾ ಓಡಿಸಿಯೇ ನಮ್ಮನ್ನು ಬೆಳೆಸಿದರು. ಈಗ ಅವರಿಗೆ ಮಂಡಿ ನೋವು, ಹಾಗಾಗಿ ಗಾಡಿ ನಾನು ನೋಡಿಕೊಳ್ಳುತ್ತೇನೆ. ಬಿಜಲಿಗೆ 9 ವರ್ಷ. ಕಂದು ಬಣ್ಣ, ಹಣೆ ಮೇಲೆ ಸಣ್ಣ ಬಿಳಿ ಚುಕ್ಕೆ. ಬಸ್ಸಿನ ಹಾರನ್ನಿಗೂ ಬೆಚ್ಚದ ಕುದುರೆ ಅವಳು.

ಅವಳಿಗೆ ಲಾಳ ಕಟ್ಟುತ್ತಿದ್ದವರು ಒಬ್ಬ ವಯಸ್ಸಾದ ಚಾಚಾ. ಆರು ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದರು. ಜೂನ್ ಕೊನೆಯಲ್ಲಿ ಒಂದು ಸಲ ಕಟ್ಟಿದರು. ಆಮೇಲೆ ಕಣ್ಣಿನ ಆಪರೇಷನ್ ಅಂತ ಮಗಳ ಊರಿಗೆ ಹೋದರು. ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಅಂತ ನಾನು ಕಾದೆ. ಆಗಸ್ಟ್ ಹೋಯಿತು, ಸೆಪ್ಟೆಂಬರ್ ಮುಗಿಯುತ್ತಾ ಬಂತು. ಹದಿಮೂರು ವಾರ! ನನ್ನ ಮೊದಲ ತಪ್ಪು ಇದೇ.

ಗೊರಸು ಅಂದರೆ ನಮ್ಮ ಉಗುರಿನ ಹಾಗೆ. ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತಲೇ ಇರುತ್ತದೆ. ಲಾಳ ಇಲ್ಲದ ಕುದುರೆಗಾದರೆ ನಡೆದು ನಡೆದು ಸ್ವಲ್ಪವಾದರೂ ಸವೆಯುತ್ತದೆ. ಲಾಳ ಇದ್ದರೆ ಸವೆಯುವುದು ಕಬ್ಬಿಣ, ಗೊರಸಲ್ಲ. ಹಾಗಾಗಿ ಮುಂಭಾಗ ಉದ್ದ ಬೆಳೆದು ಲಾಳವನ್ನೂ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಹಿಮ್ಮಡಿ ಕಡೆಗೆ ಆಸರೆ ಇಲ್ಲದಂತಾಗುತ್ತದೆ. ಲಾಳದ ತುದಿ ಅಂಚು ಬಿಟ್ಟು ಒಳಗೆ ಸರಿದು ಮೆತ್ತನೆ ಜಾಗವನ್ನು ಒತ್ತುತ್ತದೆ. ಕಾಲಿನ ಹಿಂಭಾಗದ ಸ್ನಾಯುರಜ್ಜುಗಳ ಮೇಲೆ, ಅಂದರೆ ಮಾಂಸವನ್ನು ಮೂಳೆಗೆ ಕಟ್ಟಿರುವ ಗಟ್ಟಿ ನಾರುಗಳ ಮೇಲೆ, ಹೆಜ್ಜೆ ಹೆಜ್ಜೆಗೂ ಎಳೆತ ಬೀಳುತ್ತದೆ. ಬಿಜಲಿ ಎರಡು ಸಲ ಮುಗ್ಗರಿಸಿದಾಗ ರಸ್ತೆಯ ಗುಂಡಿ ಅಂದುಕೊಂಡೆ. ಗುಂಡಿ ಅಲ್ಲ, ಉದ್ದ ಬೆಳೆದ ಗೊರಸು.

ದಸರಾ ಹತ್ತಿರ ಬಂತು. ವರ್ಷದ ದುಡಿಮೆ ಅಂದರೆ ನಮಗೆ ಆ ದಿನಗಳೇ. ಒಬ್ಬರು ಪರಿಚಯದವರು ಹೇಳಿದರು ಅಂತ, ಊರ ಹೊರಗೆ ಎತ್ತುಗಳಿಗೆ ಲಾಳ ಕಟ್ಟುವವರೊಬ್ಬರನ್ನು ಕರೆಸಿದೆ. ಚಾಚಾ ತಗೊಳ್ಳುವ ಕೂಲಿಯಲ್ಲಿ ಅರ್ಧ ಕೇಳಿದರು. ಎತ್ತುಗಳಿಗೆ ಅವರು ಚೆನ್ನಾಗಿಯೇ ಕಟ್ಟುತ್ತಾರೆ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಎತ್ತಿನ ಗೊರಸು ಸೀಳಿರುತ್ತದೆ, ಒಂದೊಂದು ಕಾಲಿಗೆ ಎರಡು ತುಂಡು ತೆಳು ಲಾಳ. ಎತ್ತನ್ನು ಕೆಡವಿ, ಕಾಲು ಕಟ್ಟಿ ಹೊಡೆಯುತ್ತಾರೆ. ಅದು ಮಿಸುಕಾಡಿದರೂ ಯಾರೂ ಗಮನ ಕೊಡುವುದಿಲ್ಲ. ಕುದುರೆ ಕೆಲಸವೇ ಬೇರೆ.

ಚಾಚಾ ಬಂದರೆ ಮೊದಲು ಸುತ್ತಿಗೆ ಮುಟ್ಟುತ್ತಿರಲಿಲ್ಲ. ಬಿಜಲಿಯನ್ನು ಸಮನೆಲದಲ್ಲಿ ನಡೆಸಿ ಅಂತ ಹೇಳಿ, ಮುಂದಿನಿಂದ ಒಂದು ಸಲ, ಪಕ್ಕದಿಂದ ಒಂದು ಸಲ ನೋಡುತ್ತಿದ್ದರು. ಆಮೇಲೆ ಗೊರಸು ಕತ್ತರಿಸಿ, ಅರದಲ್ಲಿ ಉಜ್ಜಿ ಮಟ್ಟ ಮಾಡಿ, ಕೊನೆಗೆ ಲಾಳ ಬಡಿದು ಬಡಿದು ಗೊರಸಿನ ಆಕಾರಕ್ಕೆ ತರುತ್ತಿದ್ದರು. ಈ ಮನುಷ್ಯ ಚೀಲದಿಂದ ಒಂದು ರೆಡಿ ಲಾಳ ತೆಗೆದರು. ಅದು ಚಿಕ್ಕದಾಯಿತು. ಲಾಳ ಬದಲಾಯಿಸಲಿಲ್ಲ. ಗೊರಸನ್ನೇ ಸುತ್ತಲೂ ಉಜ್ಜಿ ಲಾಳದ ಅಳತೆಗೆ ಇಳಿಸಿದರು. ಕಾಲಿಗೆ ಚಪ್ಪಲಿ ಚಿಕ್ಕದಾದರೆ ಬೆರಳು ಕತ್ತರಿಸುತ್ತಾರಾ? ನನಗೆ ಆಗಲೇ ಸರಿ ಕಾಣಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಗೊರಸಿನ ಹೊರಗಿನ ಗೋಡೆಗೆ ನೋವು ಗೊತ್ತಾಗುವುದಿಲ್ಲ. ಅದರ ಒಳಗೆ ಜೀವ ಇರುವ ಮಾಂಸ, ಮಾಂಸದೊಳಗೆ ಮೂಳೆ. ಕಾಲೆತ್ತಿ ಅಡಿ ನೋಡಿದರೆ ಗೋಡೆಯ ಒಳ ಅಂಚಿಗೆ ಒಂದು ಬಿಳಿಚು ಗೆರೆ ಕಾಣುತ್ತದೆ. ಮೊಳೆ ಆ ಗೆರೆಯ ಹೊರಗೇ ಇರಬೇಕು. ಗೋಡೆ ಮುಂಭಾಗದಲ್ಲಿ ಸುಮಾರು ಒಂದು ಸೆಂಟಿಮೀಟರ್ ದಪ್ಪ ಇದ್ದರೆ, ಹಿಂದಕ್ಕೆ ಹೋದಂತೆ ತೆಳು, ಒಳಮಗ್ಗುಲಲ್ಲಿ ಇನ್ನೂ ತೆಳು. ಅದಕ್ಕೇ ಹಿಮ್ಮಡಿ ಕಡೆಗೆ ಮೊಳೆ ಹೊಡೆಯುವುದಿಲ್ಲ. ಕಾಲು ಊರಿದಾಗ ಆ ಭಾಗ ಸ್ವಲ್ಪ ಅಗಲವಾಗಬೇಕು, ಮೊಳೆ ಬಿಗಿದರೆ ಅದೂ ಆಗುವುದಿಲ್ಲ. ಈಗ ಯೋಚಿಸಿ. ಇರುವುದೇ ಅಷ್ಟು ಗೋಡೆ. ಅದರಲ್ಲೂ ಹೊರಗಿನಿಂದ ಉಜ್ಜಿ ತೆಗೆದಾಗಿದೆ. ಮೊಳೆಗೆ ಜಾಗ ಎಲ್ಲಿ ಉಳಿಯಿತು?

ಎಡ ಮುಂಗಾಲು, ಒಳಮಗ್ಗುಲಿನ ಕೊನೆಯ ಮೊಳೆ. ಎರಡನೇ ಏಟಿಗೆ ಬಿಜಲಿ ಕಾಲು ಕಿತ್ತುಕೊಂಡಳು. ಯಾವತ್ತೂ ಹಾಗೆ ಮಾಡಿದವಳಲ್ಲ. ಅವರು ಅವಳ ಹೊಟ್ಟೆಗೆ ಮೊಣಕೈಯಿಂದ ಗುದ್ದಿದರು. "ಚೇಷ್ಟೆ ಮಾಡ್ತದೆ, ಗಟ್ಟಿಯಾಗಿ ಹಿಡ್ಕೊಳ್ಳಿ" ಅಂದರು. ನಾನು ಹಗ್ಗ ಬಿಗಿ ಮಾಡಿದೆ. ಅವಳ ಕುತ್ತಿಗೆ ತಟ್ಟಿ "ಸುಮ್ನಿರು ಮಗಳೇ" ಅಂದೆ. ಅವಳು ನಡುಗುತ್ತಾ ನಿಂತಳು. ಮೊಳೆ ಪೂರ್ತಿ ಒಳಗೆ ಹೋಯಿತು.

ಮೊಳೆ ಹೊಡೆಯುವಾಗ ಕುದುರೆ ಬೆಚ್ಚಿದರೆ ಆ ಕ್ಷಣವೇ ನಿಲ್ಲಿಸಿ ಅಂತ ಹೇಳಿ. ಮೊಳೆ ಹೊರಗೆ ತೆಗೆಸಿ ನೋಡಿ. ರಕ್ತವೋ ಒದ್ದೆಯೋ ಕಂಡರೆ ಆ ತೂತಿಗೆ ಮತ್ತೆ ಮೊಳೆ ಹಾಕಬಾರದು. ಅಯೋಡಿನ್ ಹಾಕಿ, ಲಾಳ ಬಿಚ್ಚಿಸಿ, ಅದೇ ದಿನ ಡಾಕ್ಟರಿಗೆ ತೋರಿಸಿ. ಕಟ್ಟುವವರು ಎಷ್ಟೇ ಅನುಭವಸ್ಥರಿರಲಿ, ಎಷ್ಟೇ ಕೋಪ ಮಾಡಿಕೊಳ್ಳಲಿ. ಒಳ್ಳೆಯ ಕೆಲಸಗಾರನ ಕೈಯಲ್ಲೂ ಮೊಳೆ ತಪ್ಪಬಹುದು. ಆದರೆ ಅವನು ಅದನ್ನು ತೆಗೆಯುತ್ತಾನೆ.

ಮಾರನೇ ದಿನ ಗಾಡಿ ಕಟ್ಟಿದೆ. ನಡೆಯುವಾಗ ತಲೆ ಸ್ವಲ್ಪ ಆಡಿಸುತ್ತಿದ್ದಳು. ಹೊಸ ಲಾಳ, ಒಂದೆರಡು ದಿನದಲ್ಲಿ ಸರಿ ಹೋಗುತ್ತದೆ ಅಂದುಕೊಂಡೆ. ಮುಂಗಾಲು ನೋಯುವ ಕುದುರೆ, ನೋವಿರುವ ಕಾಲು ನೆಲ ಮುಟ್ಟಿದಾಗ ತಲೆ ಮೇಲೆತ್ತುತ್ತದೆ. ಚೆನ್ನಾಗಿರುವ ಕಾಲು ಊರಿದಾಗ ತಲೆ ಇಳಿಸುತ್ತದೆ. ನನಗೆ ಇದು ಗೊತ್ತಿರಲಿಲ್ಲ. ತಲೆ ತಗ್ಗಿಸಿದ ಕಡೆಯೇ ನೋವು ಅಂತ ಬಲಗಾಲಿಗೆ ಎಣ್ಣೆ ತಿಕ್ಕುತ್ತಾ ಎರಡು ದಿನ ಕಳೆದೆ.

ಐದನೇ ದಿನ ಬೆಳಿಗ್ಗೆ ಲಾಯದಲ್ಲಿ ಮೂರು ಕಾಲಿನ ಮೇಲೆ ನಿಂತಿದ್ದಳು. ಎಡಗಾಲಿನ ತುದಿ ಮಾತ್ರ ನೆಲಕ್ಕೆ ತಾಗಿಸಿಕೊಂಡು. ಹುರುಳಿ ಇಟ್ಟರೆ ಮೂಸಿಯೂ ನೋಡಲಿಲ್ಲ. ಗೊರಸು ಮುಟ್ಟಿದರೆ ಬಿಸಿ.

ಪಶು ಆಸ್ಪತ್ರೆಯ ಡಾಕ್ಟರ್ ಮೇಡಂ ಬಂದರು. ಗೊರಸಿನ ಮೇಲಿನ ಗೆಣ್ಣಿನ ಹಿಂದೆ ಬೆರಳಿಟ್ಟು ನಾಡಿ ನೋಡಿದರು. ನನ್ನ ಬೆರಳನ್ನೂ ಅಲ್ಲಿ ಇಡಿಸಿದರು. ಚೆನ್ನಾಗಿರುವ ಕಾಲಲ್ಲಿ ಹುಡುಕಬೇಕು ಅಷ್ಟು ಮೆಲ್ಲಗಿತ್ತು. ಎಡಗಾಲಲ್ಲಿ ದಬದಬ ಹೊಡೆಯುತ್ತಿತ್ತು. ಉದ್ದ ಹಿಡಿಯ ದೊಡ್ಡ ಇಕ್ಕಳದಲ್ಲಿ ಗೊರಸನ್ನು ಸುತ್ತಲೂ ಒತ್ತುತ್ತಾ ಬಂದರು. ಆ ಮೊಳೆಯ ಹತ್ತಿರ ಬಂದಾಗ ಬಿಜಲಿ ನನ್ನನ್ನೂ ಎಳೆದುಕೊಂಡು ಹಿಂದೆ ಹಾರಿದಳು. ಮೊಳೆಗಳನ್ನು ಒಂದೊಂದಾಗಿ ಕಿತ್ತರು. ಆ ಒಂದು ಮೊಳೆಯ ಹಿಂದೆ ಕಪ್ಪು ಕೀವು ಬಂತು. ಆ ವಾಸನೆ ಇನ್ನೂ ಮೂಗಿನಲ್ಲಿದೆ.

"ಧನುರ್ವಾಯು ಇಂಜೆಕ್ಷನ್ ಆಗಿದೆಯಾ?" ಅಂತ ಕೇಳಿದರು. ಯಾವಾಗ ಆಗಿದ್ದು ಅಂತ ನನಗೆ ನೆನಪಿರಲಿಲ್ಲ. ಅವರು ಬೈಯಲಿಲ್ಲ, ಆದರೆ ಮುಖ ನೋಡಿದ ರೀತಿ ಮರೆಯಲು ಆಗುವುದಿಲ್ಲ. ಧನುರ್ವಾಯು ಕುದುರೆಗೆ ಬೇರೆ ಸಾಕುಪ್ರಾಣಿಗಳಿಗಿಂತ ಬಹಳ ಬೇಗ ತಗಲುತ್ತದೆ. ಅದರ ರೋಗಾಣು ಮಣ್ಣಿನಲ್ಲಿ, ಲದ್ದಿಯಲ್ಲಿ ಇದ್ದೇ ಇರುತ್ತದೆ. ಗಾಳಿಯಾಡದ ಆಳದ ಗಾಯ ಸಿಕ್ಕರೆ ಸಾಕು, ಬೆಳೆಯುತ್ತದೆ. ಬಂದ ಕುದುರೆಗಳಲ್ಲಿ ಬಹಳಷ್ಟು ಉಳಿಯುವುದಿಲ್ಲ. ಅವತ್ತೇ ಇಂಜೆಕ್ಷನ್ ಕೊಟ್ಟರು. ನಿಮ್ಮ ಕುದುರೆಗೆ ಯಾವಾಗ ಹಾಕಿಸಿದ್ದೀರಿ? ಚೀಟಿ ಈಗಲೇ ಹುಡುಕಿ ನೋಡಿ.

ಆಮೇಲೆ ದಿನಕ್ಕೆ ಎರಡು ಹೊತ್ತು ಉಗುರುಬೆಚ್ಚಗಿನ ನೀರಿಗೆ ಎಪ್ಸಮ್ ಉಪ್ಪು ಹಾಕಿ ಕಾಲು ಅದ್ದಿಸುವುದು. ಔಷಧಿ ಇಟ್ಟು ಹತ್ತಿ, ಬಟ್ಟೆ, ಮೇಲೆ ಹಳೇ ಟ್ಯೂಬಿನ ತುಂಡು ಕಟ್ಟುವುದು. ಮಳೆ ಹನಿಯುತ್ತಿತ್ತು, ಲಾಯ ಒಣಗಿರಬೇಕು ಅಂತ ಅಪ್ಪ ರಾತ್ರಿಯೂ ಎದ್ದು ಹುಲ್ಲು ಬದಲಾಯಿಸುತ್ತಿದ್ದರು. ಕೀವು ಆಗಲೇ ಮೇಲಕ್ಕೂ ದಾರಿ ಮಾಡಿಕೊಂಡಿತ್ತು. ಒಂಬತ್ತನೇ ದಿನ ಗೊರಸು ಶುರುವಾಗುವ ಕೂದಲಿನ ಅಂಚಿನಲ್ಲಿ ಒಡೆಯಿತು. ಅವತ್ತು ಮೊದಲ ಸಲ ಅವಳು ಕಾಲು ಪೂರ್ತಿ ಊರಿದಳು. ಜಂಬೂಸವಾರಿಯ ದಿನ ಊರೆಲ್ಲ ರಸ್ತೆಯಲ್ಲಿತ್ತು, ನಾವಿಬ್ಬರು ಲಾಯದಲ್ಲಿ ಬಕೆಟ್ ಹಿಡಿದು ಕೂತಿದ್ದೆವು.

ಬೆಂಗಳೂರಿನ ಹೊರವಲಯದಲ್ಲಿ ತೋಟ ಮಾಡಿಕೊಂಡು, ರೇಸ್ ಬಿಟ್ಟ ಕುದುರೆ ತಂದು ಸಾಕುವವರು ಈಗ ಜಾಸ್ತಿಯಾಗಿದ್ದಾರೆ. ನಿಮಗೆ ಒಂದು ಮಾತು. ಆ ಜಾತಿ ಕುದುರೆಗಳಿಗೆ ಗೊರಸಿನ ಗೋಡೆಯೂ ತೆಳು, ಅಡಿಯೂ ತೆಳು. ರೇಸಿಗೆ ಅಂತ ಹಾಕಿದ ಹಗುರ ಅಲ್ಯೂಮಿನಿಯಂ ಲಾಳ ಕಾಲಲ್ಲೇ ಉಳಿದಿದ್ದರೆ ಅದನ್ನೇ ನಂಬಿ ತಿಂಗಳುಗಟ್ಟಲೆ ಬಿಡಬೇಡಿ. ಕುದುರೆ ತರುವ ಮೊದಲೇ ಲಾಳ ಕಟ್ಟುವವರನ್ನು ಗೊತ್ತು ಮಾಡಿಕೊಳ್ಳಿ. ರೇಸ್ ಕೋರ್ಸ್ ಲಾಯಗಳಲ್ಲಿ ವಿಚಾರಿಸಿ. ಅವರು ಈಗಾಗಲೇ ಕಟ್ಟಿರುವ ಎರಡು ಕುದುರೆಗಳ ಕಾಲು ಕಣ್ಣಾರೆ ನೋಡಿ. ಗೊರಸಿನ ಅಂಚಿನ ಉದ್ದಕ್ಕೂ ಲಾಳ ಕೂತಿದೆಯಾ, ಮೊಳೆಯ ತುದಿಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಬಂದಿವೆಯಾ ಅಂತ ಗಮನಿಸಿ. ಕೂಲಿ ಆಮೇಲೆ ಮಾತಾಡಿ.

ಚಾಚಾ ನವೆಂಬರ್‌ನಲ್ಲಿ ವಾಪಸ್ ಬಂದರು. ಕಾಲೆತ್ತಿ ನೋಡಿ ತುಂಬಾ ಹೊತ್ತು ಏನೂ ಮಾತಾಡಲಿಲ್ಲ. "ನನಗೆ ಒಂದು ಫೋನ್ ಮಾಡಬಾರದಿತ್ತಾ ಬೇಟಾ, ಯಾರನ್ನಾದ್ರೂ ಕಳಿಸ್ತಿದ್ದೆ" ಅಂದರು. ಅವತ್ತು ಲಾಳ ಕಟ್ಟಲಿಲ್ಲ. ಒಡೆದ ಅಂಚು ಮಾತ್ರ ಸವರಿ ಹೋದರು. ಇನ್ನೊಂದು ತಿಂಗಳು ಬೆಳೆಯಲಿ ಅಂದರು.

ಕೀವು ಒಡೆದ ಜಾಗದಲ್ಲಿ ಒಂದು ಸೀಳು ಉಳಿದಿದೆ. ಗೊರಸು ಬೆಳೆದಂತೆ ಅದೂ ಕೆಳಗಿಳಿಯುತ್ತಿದೆ. ಈಗ ಕೂದಲಿನ ಅಂಚಿನಿಂದ ಎರಡು ಬೆರಳು ಕೆಳಗಿದೆ. ಅದು ನೆಲ ಮುಟ್ಟಿ ಕತ್ತರಿಸಿ ಹೋಗುವವರೆಗೂ ಆ ಮಗ್ಗುಲಿಗೆ ಚಾಚಾ ಮೊಳೆ ಹಾಕುವುದಿಲ್ಲ. ಸುತ್ತಿಗೆ ಸದ್ದು ಕೇಳಿದರೆ ಬಿಜಲಿ ಇನ್ನೂ ನಡುಗುತ್ತಾಳೆ. ಅವಳು ನಡುಗುವುದು ನಿಲ್ಲುವ ತನಕ ಚಾಚಾ ಕಾಯುತ್ತಾರೆ, ಆಮೇಲೆ ಕಾಲು ಎತ್ತುತ್ತಾರೆ.