ಮುಂಬೈ ಅಂಧೇರಿಯ ಒಂದು ವಕೀಲರ ಆಫೀಸು: ಲೇಬರ್ ಕೇಸ್ ಕೊಡುವ ಮೊದಲು ಓದಿ

ಐದರಲ್ಲಿ ಒಂದು ಸ್ಟಾರ್. ಅದೂ ಮೊದಲ ದೂರನ್ನು ಸಮಯಕ್ಕೆ ಹಾಕಿದರು ಅನ್ನುವುದಕ್ಕೆ ಮಾತ್ರ.

ನಮ್ಮ ಭಾವ ಮರೋಳ್ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮಷೀನ್ ಆಪರೇಟರ್ ಆಗಿದ್ದರು. ಕಂಪನಿಯವರು ಹೆಸರಿಗೊಂದು ಎನ್‌ಕ್ವೈರಿ ನಡೆಸಿ, ಸಾಕ್ಷಿಗಳನ್ನು ಪ್ರಶ್ನಿಸಲೂ ಬಿಡದೆ, ಕೆಲಸದಿಂದ ತೆಗೆದರು. ಮಹಾರಾಷ್ಟ್ರದಲ್ಲಿ ಇಂಥದ್ದಕ್ಕೆ 1971ರ ಒಂದು ಕಾಯ್ದೆ ಇದೆ. ಯುಎಲ್‌ಪಿ (ಅನ್‌ಫೇರ್ ಲೇಬರ್ ಪ್ರಾಕ್ಟೀಸ್, ಅಂದರೆ ಕಾರ್ಮಿಕರಿಗೆ ಮಾಡುವ ಅನ್ಯಾಯ) ಕೇಸ್ ಅಂತಾರಲ್ಲ, ಅದೇ. 90 ದಿನದೊಳಗೆ ಲೇಬರ್ ಕೋರ್ಟಿಗೆ ದೂರು ಕೊಡಬೇಕು. ಈ ಆಫೀಸಿನ ವಕೀಲರು ಕೊಟ್ಟರು. ನಮ್ಮ ಕಡೆಯವರು, ಕಾಗದ ಓದಿ ಕನ್ನಡದಲ್ಲೇ ಬಿಡಿಸಿ ಹೇಳುತ್ತಾರೆ ಅಂತ ಭಾವನಿಗೆ ಧೈರ್ಯ ಬಂದಿತ್ತು.

ಆಮೇಲೆ ಯಾವಾಗ ಫೋನ್ ಮಾಡಿದರೂ ಜೂನಿಯರ್ ಎತ್ತುತ್ತಿದ್ದರು. "ತಾರೀಖು ಬಿದ್ದಿದೆ, ನೀವು ಸುಮ್ನೆ ಬರಬೇಡಿ, ನಾವು ನೋಡ್ಕೋತೀವಿ." ಭಾವ ಆಗ ದಿನಗೂಲಿಗೆ ಹೋಗುತ್ತಿದ್ದರು. ಬಾಂದ್ರಾ ಕೋರ್ಟಿಗೆ ಒಂದು ದಿನ ಹೋದರೆ ಅವತ್ತಿನ ದುಡಿಮೆ ಹೋಯಿತು, ಹಾಗಾಗಿ ಅವರ ಮಾತು ನಂಬಿದರು, ಫೀಸ್ ಕೊಟ್ಟಿದ್ದೂ ಅದಕ್ಕೇ ಅಲ್ವಾ. ಕೊನೆಗೆ ಅನುಮಾನ ಬಂದು ರೋಜ್‌ನಾಮಾದ (ಪ್ರತಿ ತಾರೀಖಿಗೆ ಏನಾಯಿತು ಅಂತ ಕೋರ್ಟು ಬರೆದಿಡುವ ದಾಖಲೆ) ಸರ್ಟಿಫೈಡ್ ಕಾಪಿ ತೆಗೆಸಿದೆವು. ಪುಟಪುಟದಲ್ಲೂ ಅರ್ಜಿದಾರ ಗೈರು, ವಕೀಲರು ಗೈರು. ಸಾಕ್ಷ್ಯದ ಅಫಿಡವಿಟ್ ಹಾಕೇ ಇಲ್ಲ. ಕೋರ್ಟು ಮತ್ತೆ ಮತ್ತೆ ಅವಕಾಶ ಕೊಟ್ಟು, ಕೇಸ್ ನಡೆಸುವವರೇ ಇಲ್ಲ ಅಂತ ವಜಾ ಮಾಡಿದೆ. ನ್ಯಾಯಾಧೀಶರನ್ನು ನಾನು ದೂರುವುದಿಲ್ಲ, ಕಂಪನಿ ವಕೀಲರು ಪ್ರತಿ ಸಲ ಬಂದು ನಿಂತಿದ್ದಾರೆ, ಎಷ್ಟು ಅಂತ ಕಾಯುತ್ತಾರೆ? ಆದರೆ ಭಾವನನ್ನು ತೆಗೆದದ್ದು ಸರಿಯೋ ತಪ್ಪೋ ಅಂತ ಯಾರೂ ನೋಡಲೇ ಇಲ್ಲ. ನನಗೆ ಸಿಟ್ಟು ಬರುವುದು ಇದಕ್ಕೆ. ವಾದ ಮಾಡಿ ಸೋತಿದ್ದರೆ ಇಷ್ಟು ಸಂಕಟ ಇರುತ್ತಿರಲಿಲ್ಲ.

ಕೇಳಲು ಹೋದರೆ ಫೀಸ್ ಬಾಕಿ ಇದೆ, ಫೈಲ್ ಕೊಡಲ್ಲ ಅಂದರು. ಇದು ತಪ್ಪು. ಬಾಕಿ ಇದ್ದರೂ ಕಕ್ಷಿದಾರರ ಕಾಗದ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಅದನ್ನು ಬರೆದು ಕೊಟ್ಟ ಮೇಲೆ ಫೈಲೂ ಸಿಕ್ಕಿತು, ಬೇರೆ ವಕೀಲರನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ ಅನ್ನುವ ಎನ್‌ಒಸಿ ಪತ್ರವೂ ಸಿಕ್ಕಿತು. ಗ್ರಾಹಕರ ಕೋರ್ಟಿಗೆ ಎಳೆಯೋಣ ಅಂದರೆ ಆ ದಾರಿ ಮುಚ್ಚಿದೆ. ವಕೀಲರ ಸೇವೆ ಗ್ರಾಹಕರ ಕಾಯ್ದೆಯಡಿ ಬರುವುದಿಲ್ಲ ಅಂತ 2024ರ ಮೇನಲ್ಲಿ ಸುಪ್ರೀಂ ಕೋರ್ಟ್ ತೀರ್ಪಾಗಿದೆ. ಉಳಿದಿರುವುದು ವಕೀಲರ ಮೇಲಿನ ದೂರು ವಿಚಾರಿಸುವ ಬಾರ್ ಕೌನ್ಸಿಲ್. ಅಲ್ಲಿ ದೂರು ಕೊಟ್ಟಿದ್ದೇವೆ, ವಿಚಾರಣೆ ಇನ್ನೂ ಆಗಬೇಕು, ಅದಕ್ಕೇ ಆಫೀಸಿನ ಹೆಸರು ಬರೆಯುತ್ತಿಲ್ಲ.

ಒಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಕಾರ್ಖಾನೆ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ನಮಗೆ ಹಾಗೆ ಸಿಕ್ಕ ಮೇಡಂ ಕೇಸ್ ಮತ್ತೆ ತೆರೆಯಲು ಅರ್ಜಿ ಹಾಕಿದ್ದಾರೆ, ತಡವಾದದ್ದಕ್ಕೆ ಮಾಫಿಯನ್ನೂ ಕೇಳಿದ್ದಾರೆ. ವಕೀಲರು ಬರಲಿಲ್ಲ ಅಂತ ಏನೂ ತಪ್ಪು ಮಾಡದ ಕಕ್ಷಿದಾರ ನಷ್ಟ ಅನುಭವಿಸಬಾರದು ಅನ್ನುವ 1981ರ ಸುಪ್ರೀಂ ಕೋರ್ಟ್ ಮಾತನ್ನು ಅದರಲ್ಲಿ ಸೇರಿಸಿದ್ದಾರೆ. ಎಲ್ಲ ಕೋರ್ಟೂ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ, "ನೀವ್ಯಾಕೆ ವಿಚಾರಿಸಲಿಲ್ಲ" ಅಂತ ಕೇಳಿಯೇ ಕೇಳುತ್ತಾರೆ ಅಂತ ಅವರೇ ಮೊದಲು ಹೇಳಿದರು. ಭಾವ ಮಾಡಿದ ಫೋನುಗಳ ಪಟ್ಟಿ, ಜೂನಿಯರ್ ಕಳಿಸಿದ ವಾಟ್ಸಾಪ್ ಮೆಸೇಜು ಎಲ್ಲವನ್ನೂ ಅರ್ಜಿ ಜೊತೆ ಲಗತ್ತಿಸಿದ್ದೇವೆ.

ನಿಮ್ಮ ಕೇಸ್ ಈಗ ಇಂಥ ಆಫೀಸಿನಲ್ಲಿದ್ದರೆ ಇವತ್ತೇ 16 ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಗುರುತಿನ ನಂಬರ್) ಕೇಳಿ ತಗೊಳ್ಳಿ, ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿ ಮುಂದಿನ ತಾರೀಖು ನೀವೇ ನೋಡಿ. ನಂಬರ್ ಕೊಡಲು ಸತಾಯಿಸಿದರೆ ಫೈಲ್ ವಾಪಸ್ ತಗೊಂಡು ಬನ್ನಿ.